ಔಷಧಿ ಅಂಗಡಿಗೆ ಹೋಗುವ ಮೊದಲು ಎಲೆಯ ಒಳಗೆ ನೋಡೋಣ

ಬೆಳಗ್ಗೆ ಎದ್ದು ಹೊಲಕ್ಕೆ ಹೋದರೆ ನಾವು ಮೊದಲು ನೋಡುವುದು ಎಲೆಯನ್ನೇ. ಎಲೆ ಹಸಿರಾಗಿದ್ದರೆ ಮನಸ್ಸಿಗೆ ಸಮಾಧಾನ. ಹಳದಿ ಆಯಿತೋ, ಯೂರಿಯಾ. ಚುಕ್ಕೆ ಬಿತ್ತೋ, ಔಷಧಿ. ಮುದುರಿತೋ, ಇನ್ನೊಂದು ಔಷಧಿ. ಇಷ್ಟೇ ನಮ್ಮ ಲೆಕ್ಕ. ಎಲೆಯ ಮೇಲ್ಮೈ ನೋಡಿ ಸಾವಿರಾರು ರೂಪಾಯಿ ಕೈಬಿಡುತ್ತೇವೆ. ಅದೇ ಎಲೆಯ ಒಳಗೆ ಏನಿದೆ ಅಂತ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ನಾನಂತೂ ನೋಡಿರಲಿಲ್ಲ. ಕೈ ಸುಟ್ಟುಕೊಂಡ ಮೇಲೆ ನೋಡಿದೆ.

ನಮ್ಮದು ಶಿರಾ ತಾಲ್ಲೂಕು ತಾವರೆಕೆರೆ ಕಡೆಯ ಖುಷ್ಕಿ ಜಮೀನು. ಕೆಂಪು ಮಣ್ಣು, ಮಳೆ ನಂಬಿದ ಬೇಸಾಯ. 2023ನೇ ಇಸವಿಯ ಮುಂಗಾರು ಯಾರಿಗೂ ಮರೆಯುವ ಹಾಗಿಲ್ಲ. ಸರ್ಕಾರ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳಿಗೆ ಬರ ಅಂತ ಘೋಷಣೆ ಮಾಡಿದ ವರ್ಷ ಅದು. ಆಗಸ್ಟ್ ತಿಂಗಳು ಪೂರ್ತಿ ಒಣಗಿಸಿತು. ಎರಡೂವರೆ ಎಕರೆ ಕಡ್ಲೇಕಾಯಿ ಹಾಕಿದ್ದೆ. ಮಘೆ ಮಳೆ ಕೈಕೊಟ್ಟ ಹೊತ್ತಿಗೆ ಎಲೆ ಮೇಲೆ ಕಂದು ಮಚ್ಚೆ ಕಾಣಿಸಿಕೊಂಡವು. ತಿಕ್ಕ ರೋಗ ಅಂದುಕೊಂಡೆ. ಒಂದು ಎಲೆಯನ್ನೂ ಕಿತ್ತುಕೊಂಡು ಹೋಗದೆ ಅಂಗಡಿಗೆ ಹೋಗಿ 'ಚುಕ್ಕೆ ಬಿದ್ದಿದೆ, ಕೊಡಿ' ಅಂದೆ. ಅವರು ಚುಕ್ಕೆ ರೋಗದ ಪುಡಿ ಕೊಟ್ಟರು. ಔಷಧಿ, ಪಂಪಿನ ಬಾಡಿಗೆ, ಕೂಲಿ ಸೇರಿ ಮೂರು ಸಾವಿರದ ಮೇಲೆ ಆಯಿತು. ಎಂಟು ದಿನ ಕಳೆದರೆ ಹೊಲ ಬೆಂಕಿ ಬಿದ್ದ ಹಾಗೆ ಕಂಡಿತು.

ಆಮೇಲೆ ಒಂದು ಎಲೆ ಕಿತ್ತು ಬಿಸಿಲಿಗೆ ಎತ್ತಿ ಹಿಡಿದೆ. ಮಚ್ಚೆಯೊಳಗೆ ಏನೋ ಕದಲಿತು. ಉಗುರಿನಿಂದ ಸಿಪ್ಪೆ ಬಿಡಿಸಿದರೆ ಎಳ್ಳಿಗಿಂತ ಸಣ್ಣ ಹುಳ! ಎಲೆಯ ಮೇಲಿನ ಸಿಪ್ಪೆಗೂ ಕೆಳಗಿನ ಸಿಪ್ಪೆಗೂ ನಡುವೆ ಕೂತು ತಿರುಳನ್ನು ಮೇಯುತ್ತಿತ್ತು. ಅದು ಸುರುಳಿ ಪೂಚಿ. ಒಣ ಹವೆ ಹಿಡಿದಾಗಲೇ ಅದರ ಕಾಟ ಹೆಚ್ಚು. ನಾನು ಹೊಡೆದದ್ದು ಬೂಷ್ಟಿನ ಔಷಧಿ, ಅದೂ ಎಲೆಯ ಮೇಲೆ ಕೂರುವಂಥದ್ದು. ಹುಳ ಇದ್ದದ್ದು ಮನೆ ಒಳಗೆ, ನಾನು ಸುಣ್ಣ ಬಳಿದದ್ದು ಹೊರಗೋಡೆಗೆ. ತಪ್ಪು ಅಂಗಡಿಯವರದ್ದಲ್ಲ, ನನ್ನದು.

ಸ್ಕೂಲಿನಲ್ಲಿ ಕಂಡ ಎಲೆ

ಈ ಸಂಗತಿಯನ್ನು ಮನೆಯಲ್ಲಿ ಹೇಳಿಕೊಂಡೆ. ಹೈಸ್ಕೂಲಿಗೆ ಹೋಗುತ್ತಿದ್ದ ಮಗಳು, 'ಅಪ್ಪಾ, ನಮ್ಮ ಸೈನ್ಸ್ ಮೇಷ್ಟ್ರು ಎಲೆ ಒಳಗೆ ತೋರಿಸ್ತಾರೆ, ಬಾ' ಅಂದಳು. ಕಡ್ಲೇಕಾಯಿ ಎಲೆ ಒಂದು, ರಾಗಿ ಎಲೆ ಒಂದು ಕಿತ್ತುಕೊಂಡು ಹೋದೆ. ಮೇಷ್ಟ್ರು ಕ್ಯಾರೆಟ್ ತುಂಡನ್ನು ಸೀಳಿ, ಅದರ ನಡುವೆ ಎಲೆ ಸಿಕ್ಕಿಸಿ, ಹೊಸ ಬ್ಲೇಡಿನಿಂದ ಸರಸರ ಅಂತ ಅಡ್ಡಡ್ಡ ಹೆರೆದರು. ಆ ಚೂರುಗಳನ್ನು ನೀರಿಗೆ ಹಾಕಿ, ಎಲ್ಲಕ್ಕಿಂತ ತೆಳುವಾದದ್ದನ್ನು ಗಾಜಿನ ಮೇಲೆ ಇಟ್ಟು ಸೂಕ್ಷ್ಮದರ್ಶಕಕ್ಕೆ ಹಚ್ಚಿದರು. ನಾನು ಏಳನೇ ಕ್ಲಾಸಿನಲ್ಲಿ 'ಪತ್ರಹರಿತ್ತು, ದ್ಯುತಿಸಂಶ್ಲೇಷಣೆ' ಅಂತ ಉರು ಹೊಡೆದು ಪಾಸಾದವನು. ಅದನ್ನು ಕಣ್ಣಾರೆ ಕಂಡದ್ದು ಐವತ್ತು ದಾಟಿದ ಮೇಲೆ.

ಎಲೆಯ ದಪ್ಪ ಕಾಲು ಮಿಲಿಮೀಟರ್ ಕೂಡ ಇರುವುದಿಲ್ಲ. ಅಷ್ಟರೊಳಗೆ ಒಂದು ಮನೆ ಕಟ್ಟಿದೆ. ಕಡ್ಲೇಕಾಯಿ ಎಲೆಯಲ್ಲಿ ನಾನು ಕಂಡದ್ದು ಇಷ್ಟು. ಮೇಲೆ ಒಂದು ಸಾಲು ಸಿಪ್ಪೆ, ಅದಕ್ಕೆ ಮೇಣ ಸವರಿದಂತೆ ಹೊಳಪು. ಮಳೆ ನೀರು ಜಾರುವುದು, ಒಳಗಿನ ನೀರು ಆರದೆ ಇರುವುದು ಈ ಮೇಣದಿಂದ. ಅದರ ಕೆಳಗೆ ಗಣೆಗಳನ್ನು ಒತ್ತೊತ್ತಾಗಿ ನಿಲ್ಲಿಸಿದ ಹಾಗೆ ಉದ್ದುದ್ದ ಕೋಶಗಳು, ಒಳಗೆಲ್ಲ ಹಸಿರು ಕಾಳು. ಬಿಸಿಲು ಮೊದಲು ಬೀಳುವುದು ಇವುಗಳ ಮೇಲೆ, ಹೆಚ್ಚು ಅಡುಗೆ ಆಗುವುದೂ ಇಲ್ಲೇ. ಅದರ ಕೆಳಗೆ ಒಣಗಿದ ಹೀರೇಕಾಯಿ ನಾರಿನ ಹಾಗೆ ಸಡಿಲವಾದ ಪದರ, ನಡುನಡುವೆ ಖಾಲಿ ಜಾಗ. ಗಾಳಿ ಓಡಾಡುವ ಓಣಿ ಅದು. ಅದಕ್ಕೂ ಕೆಳಗೆ ಕಡ್ಲೇಕಾಯಿ ಎಲೆಗೆ ಒಂದು ವಿಶೇಷ ಇದೆ. ಬಣ್ಣವಿಲ್ಲದ ದೊಡ್ಡ ದೊಡ್ಡ ಕೋಶಗಳ ಸಾಲು. ಅದು ನೀರಿನ ತೊಟ್ಟಿ. ಕೊನೆಗೆ ಕೆಳಗಿನ ಸಿಪ್ಪೆ.

ಸುರುಳಿ ಪೂಚಿ ಮೇಯುವುದು ಆ ಗಣೆ ಸಾಲನ್ನು, ಆ ಹೀರೇಕಾಯಿ ನಾರಿನಂಥ ಪದರವನ್ನು. ಮೇಲಿನ ಕೆಳಗಿನ ಸಿಪ್ಪೆ ಹಾಗೇ ಉಳಿಯುವುದರಿಂದ ನಮಗೆ ಹೊರಗಿನಿಂದ ಕಾಣುವುದು ಒಣಗಿದ ಮಚ್ಚೆ ಮಾತ್ರ.

ಬಾಯಿ ತೆರೆದರೆ ಅನ್ನ ಒಳಕ್ಕೆ, ನೀರು ಹೊರಕ್ಕೆ

ಸಿಪ್ಪೆಯಲ್ಲಿ ಸಣ್ಣ ಸಣ್ಣ ಬಾಯಿಗಳಿವೆ. ಪುಸ್ತಕದಲ್ಲಿ ಪತ್ರರಂಧ್ರ ಅನ್ನುತ್ತಾರೆ. ಕಡ್ಲೇಕಾಯಿಗೂ ರಾಗಿಗೂ ಎಲೆಯ ಎರಡು ಕಡೆಯೂ ಇವೆ. ಮಾವಿನ ಎಲೆಗೆ ಕೆಳಗಡೆ ಮಾತ್ರ. ಒಂದೊಂದು ಬಾಯಿಗೂ ಎರಡು ತುಟಿ. ತುಟಿಯಲ್ಲಿ ನೀರು ತುಂಬಿದರೆ ತೆರೆಯುತ್ತದೆ, ನೀರು ಇಳಿದರೆ ಮುಚ್ಚುತ್ತದೆ.

ಗಿಡಕ್ಕೆ ಬೇಕಾದ ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಇರುವುದು 10,000 ಭಾಗಕ್ಕೆ ಹತ್ತಿರ ಹತ್ತಿರ ನಾಲ್ಕೇ ಭಾಗ. ಅಷ್ಟನ್ನು ಒಳಗೆ ತೆಗೆದುಕೊಳ್ಳಲು ಬಾಯಿ ತೆರೆಯಲೇಬೇಕು. ತೆರೆದ ಕೂಡಲೇ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಬೇರು ಹೀರಿದ 100 ಲೀಟರ್ ನೀರಿನಲ್ಲಿ 95 ಲೀಟರಿಗೂ ಹೆಚ್ಚು ಹೀಗೆ ಹೋಗುವುದೇ. ಗಿಡದ ಮೈಗೆ ನಿಲ್ಲುವುದು ಸ್ವಲ್ಪ. ಮುಚ್ಚಿಕೊಂಡರೆ ನೀರು ಉಳಿಯುತ್ತದೆ, ಆದರೆ ಹೊಟ್ಟೆಗಿಲ್ಲ. ಬಯಲುಸೀಮೆಯ ಗಿಡದ ಪಾಡೂ ನಮ್ಮ ಪಾಡೂ ಒಂದೇ. ಖರ್ಚಿಲ್ಲದೆ ಗಳಿಕೆ ಇಲ್ಲ, ಖರ್ಚು ಮಾಡಲು ಕೈಯಲ್ಲಿ ಇಲ್ಲ.

ಈ ಕಷ್ಟಕ್ಕೆ ಒಂದೊಂದು ಗಿಡ ಒಂದೊಂದು ದಾರಿ ಕಂಡುಕೊಂಡಿದೆ. ಬದುವಿನ ಮೇಲಿನ ಕತ್ತಾಳೆ ಹಗಲೆಲ್ಲ ಬಾಯಿ ಮುಚ್ಚಿ, ತಂಪಾದ ರಾತ್ರಿ ತೆರೆಯುತ್ತದೆ. ರಾತ್ರಿ ಕೂಡಿಟ್ಟ ಗಾಳಿಯನ್ನು ಹಗಲು ಬಿಸಿಲಿನಲ್ಲಿ ಬೇಯಿಸಿಕೊಳ್ಳುತ್ತದೆ. ಕಣಗಿಲೆ ಎಲೆಯ ಬಾಯಿಗಳು ಕೆಳಗಡೆ ಗುಳಿಯೊಳಗೆ ಅಡಗಿವೆ, ಗುಳಿ ತುಂಬ ಕೂದಲು. ಬಿಸಿಗಾಳಿ ನೇರ ತಾಗುವುದಿಲ್ಲ. ಅದಕ್ಕೇ ಯಾವ ಬರದಲ್ಲೂ ಕಣಗಿಲೆ ಹಸಿರಾಗಿ ನಿಂತಿರುತ್ತದೆ.

ರಾಗಿ ಎಲೆಯೊಳಗಿನ ಸಿಂಬೆ

ಆಮೇಲೆ ರಾಗಿ ಎಲೆ ನೋಡಿದೆ. ಗಣೆ ಸಾಲೂ ಇಲ್ಲ, ಹೀರೇಕಾಯಿ ನಾರೂ ಇಲ್ಲ. ಬೇರೆಯೇ ಮನೆ. ಎಲೆಯ ಉದ್ದಕ್ಕೂ ಓಡುವ ಒಂದೊಂದು ನರದ ಸುತ್ತ ದಪ್ಪ ಕೋಶಗಳ ಉಂಗುರ, ಅದರಲ್ಲಿ ಕಡು ಹಸಿರು. ನಮ್ಮ ಹೆಂಗಸರು ಕೊಡ ಹೊರುವಾಗ ತಲೆ ಮೇಲೆ ಇಡುವ ಸಿಂಬೆ ಇದೆಯಲ್ಲ, ಅದೇ ಆಕಾರ. ಆ ಸಿಂಬೆಯ ಸುತ್ತ ಇನ್ನೊಂದು ಸುತ್ತು ತೆಳು ಹಸಿರು ಕೋಶಗಳು. ಇದಕ್ಕೆ ವಿಜ್ಞಾನಿಗಳು ಇಟ್ಟ ಹೆಸರು 'ಕ್ರಾಂಜ್'. ಜರ್ಮನ್ ಭಾಷೆಯಲ್ಲಿ ಹಾಗೆಂದರೆ ಹೂವಿನ ದಂಡೆ ಅಂತೆ. ನಾನು ಸಿಂಬೆ ಅಂತಲೇ ಕರೆಯುತ್ತೇನೆ.

ಈ ಸಿಂಬೆಯ ಕೆಲಸ ಏನು? ಹೊರಗಿನ ಸುತ್ತಿನ ಕೋಶಗಳು ಗಾಳಿಯಲ್ಲಿರುವ ಇಂಗಾಲವನ್ನು ಹಿಡಿದು ಒಳಗಿನ ಸಿಂಬೆಗೆ ದಾಟಿಸುತ್ತವೆ. ಸಿಂಬೆಯಲ್ಲಿ ಅದು ಒತ್ತೊತ್ತಾಗಿ ತುಂಬುತ್ತದೆ. ಅಲ್ಲಿ ಸಕ್ಕರೆ ತಯಾರಾಗಿ ಪಕ್ಕದಲ್ಲೇ ಇರುವ ನರಕ್ಕೆ ಇಳಿಯುತ್ತದೆ. ಒಬ್ಬ ಹೊರಗಡೆ ಸಾಮಾನು ತಂದುಕೊಡುವವನು, ಇನ್ನೊಬ್ಬ ಒಳಗೆ ಅಡುಗೆ ಮಾಡುವವನು. ಹೀಗಿರುವುದರಿಂದ ರಾಗಿ ಎಲೆ ಬಾಯಿಯನ್ನು ಅರ್ಧ ಮುಚ್ಚಿಕೊಂಡೂ ದುಡಿಯಬಲ್ಲದು. ಕಡ್ಲೇಕಾಯಿಯಲ್ಲಿ ಹಾಗಲ್ಲ. ಬಿಸಿಲು ಏರಿದಷ್ಟೂ ಅದು ಮಾಡಿದ ಕೆಲಸದಲ್ಲಿ ಒಂದು ಪಾಲು ತಾನೇ ಪೋಲು ಮಾಡಿಕೊಳ್ಳುತ್ತದೆ. ಈ ದಾರಿಯನ್ನು 1966ರಲ್ಲಿ ಹ್ಯಾಚ್, ಸ್ಲ್ಯಾಕ್ ಎಂಬ ಇಬ್ಬರು ವಿಜ್ಞಾನಿಗಳು ಆಸ್ಟ್ರೇಲಿಯಾದಲ್ಲಿ ಕಬ್ಬಿನ ಎಲೆಯ ಮೇಲೆ ಕೆಲಸ ಮಾಡಿ ವಿವರಿಸಿದರು. ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ, ಹಾರಕ, ಬರಗು, ಮುಸುಕಿನ ಜೋಳ, ಕಬ್ಬು ಎಲ್ಲ ಈ ಗುಂಪು. ಭತ್ತ, ಗೋಧಿ, ಕಡ್ಲೇಕಾಯಿ, ತೊಗರಿ, ಅವರೆ, ಹರಳು, ಸೂರ್ಯಕಾಂತಿ ಇನ್ನೊಂದು ಗುಂಪು. ಒಂದು ಕೆಜಿ ಒಣ ಪದಾರ್ಥ ಕಟ್ಟಲು ಸಿಂಬೆಯ ಗುಂಪಿಗೆ ಸುಮಾರು 250ರಿಂದ 350 ಲೀಟರ್ ನೀರು ಸಾಕು. ಇನ್ನೊಂದು ಗುಂಪಿಗೆ ಹತ್ತಿರ ಹತ್ತಿರ ಅದರ ಎರಡರಷ್ಟು ಬೇಕು.

ಇಲ್ಲಿ ಒಂದು ಮುಖ್ಯ ಮಾತು. ಗರಿಕೆ, ಕೊನ್ನಾರಿ ಗಡ್ಡೆ, ಕೀರೆ ಸೊಪ್ಪು, ಇವೂ ಸಿಂಬೆಯ ಗುಂಪಿನವೇ! ಕಡ್ಲೇಕಾಯಿ ಹೊಲದಲ್ಲಿ ಬಿಸಿಲು ಹೊಡೆದಷ್ಟೂ ಕಳೆ ಯಾಕೆ ಗೆಲ್ಲುತ್ತದೆ ಅಂತ ನನಗೆ ಮೂವತ್ತು ವರ್ಷದ ಬೇಸಾಯದಲ್ಲಿ ಗೊತ್ತಾಗದ್ದು ಆ ದಿನ ಗೊತ್ತಾಯಿತು. ಕಡಿಮೆ ನೀರಿನಲ್ಲಿ ಹೆಚ್ಚು ಬೆಳೆಯುವವನ ಜೊತೆ ಕಡ್ಲೇಕಾಯಿಯನ್ನು ಓಟಕ್ಕೆ ಬಿಟ್ಟಿರುತ್ತೇವೆ. ಆದ್ದರಿಂದ ಮೊದಲ 45 ದಿನದೊಳಗೆ ಎಡೆಕುಂಟೆ ಹೊಡೆದು, ಕಳೆ ಕಿತ್ತು ಮುಗಿಸದಿದ್ದರೆ ಆಮೇಲೆ ಯಾವ ಗೊಬ್ಬರ ಕೊಟ್ಟರೂ ಅದು ಕಳೆಗೇ.

ಮುದುರಿದ ಎಲೆ ಕಾಯಿಲೆ ಎಲೆ ಅಲ್ಲ

ಮಧ್ಯಾಹ್ನ ರಾಗಿ ಎಲೆ ಮುದುರಿದರೆ ಕೆಲವರು ಗಾಬರಿಯಿಂದ ಔಷಧಿ ತರುತ್ತಾರೆ. ಅದರ ಗುಟ್ಟೂ ಒಳಗೇ ಇದೆ. ರಾಗಿ ಎಲೆಯ ಮೇಲ್ಭಾಗದ ಸಿಪ್ಪೆಯಲ್ಲಿ ಅಲ್ಲಲ್ಲಿ ದೊಡ್ಡ, ತೆಳು ಗೋಡೆಯ ಕೋಶಗಳಿವೆ. ನೀರು ಕಡಿಮೆಯಾದರೆ ಮೊದಲು ಇವು ಕುಗ್ಗುತ್ತವೆ. ಕುಗ್ಗಿದರೆ ಎಲೆ ತಾನೇ ಒಳಕ್ಕೆ ಮಡಚಿಕೊಳ್ಳುತ್ತದೆ. ಬಿಸಿಲು ಬೀಳುವ ಅಗಲ ಕಡಿಮೆ ಆಯಿತು, ನೀರು ಉಳಿಯಿತು. ಕಡ್ಲೇಕಾಯಿ ಎಲೆಯ ಉಪಾಯ ಬೇರೆ. ಅದರ ನಾಲ್ಕು ಎಲೆಗಳ ಬುಡದಲ್ಲಿ ಸಣ್ಣ ಗಂಟು ಇದೆ, ಬಾಗಿಲ ಕೀಲಿನ ಹಾಗೆ. ಬಿಸಿಲು ಹೆಚ್ಚಿದಾಗ ಎಲೆಗಳನ್ನು ಎತ್ತಿ ಬಿಸಿಲಿಗೆ ಅಡ್ಡವಾಗದಂತೆ ನಿಲ್ಲಿಸಿಕೊಳ್ಳುತ್ತದೆ.

ಹಾಗಾಗಿ ಮಧ್ಯಾಹ್ನ ಮುದುರಿದ್ದು ಸಂಜೆಗೆ ಬಿಚ್ಚಿಕೊಂಡರೆ ಸುಮ್ಮನಿರಿ. ಅದು ಗಿಡದ ಜಾಣತನ. ಬೆಳಗಿನ ಜಾವವೂ ಮುದುರಿದ ಹಾಗೇ ಇದ್ದರೆ ಬೇರಿನ ಹತ್ತಿರ ನೀರು ಮುಗಿದಿದೆ ಅಂತ ಅರ್ಥ. ಆಗ ಬೇಕಾದದ್ದು ನೀರು, ಔಷಧಿಯಲ್ಲ, ಯೂರಿಯಾ ಅಂತೂ ಅಲ್ಲ. ಎಲೆಗೆ ಸಿಂಪಡಿಸುವ ಗೊಬ್ಬರವನ್ನೂ ಉರಿ ಬಿಸಿಲಿನಲ್ಲಿ ಹೊಡೆಯಬಾರದು. ಬಾಯಿ ಮುಚ್ಚಿರುತ್ತದೆ, ಹನಿ ಒಳಗೆ ಇಳಿಯುವ ಮೊದಲೇ ಆರುತ್ತದೆ. ಬೆಳಗ್ಗೆ ಇಲ್ಲ ಸಂಜೆ ಹೊಡೆಯಬೇಕು.

ತಿಕ್ಕ ರೋಗದ ವಿಷಯವೂ ಹೀಗೇ. ಬೂಷ್ಟು ಎಲೆಯೊಳಗೆ ಇಳಿದು, ಕಪ್ಪು ಚುಕ್ಕೆಯಾಗಿ ನಮ್ಮ ಕಣ್ಣಿಗೆ ಕಾಣುವ ಹೊತ್ತಿಗೆ ಹತ್ತು ಹದಿನಾಲ್ಕು ದಿನ ಕಳೆದಿರುತ್ತದೆ. ಚುಕ್ಕೆಯಾದ ಜಾಗ ಸತ್ತ ಜಾಗ. ಯಾವ ಔಷಧಿಯೂ ಅದನ್ನು ಮತ್ತೆ ಹಸಿರು ಮಾಡುವುದಿಲ್ಲ. ಔಷಧಿಯಿಂದ ಉಳಿಯುವುದು ಇನ್ನೂ ಚುಕ್ಕೆ ಬೀಳದ ಎಲೆ. ತಡವಾಗಿ ಬರುವ ಕಪ್ಪು ಚುಕ್ಕೆಯ ಬೂಷ್ಟು ಬೀಜ ಕಟ್ಟುವುದು ಹೆಚ್ಚಾಗಿ ಎಲೆಯ ತಳಭಾಗದಲ್ಲಿ. ನಾವೋ ನಿಂತುಕೊಂಡು ಮೇಲಿನಿಂದ ಹೊಡೆದು ಬರುತ್ತೇವೆ. ಪಂಪಿನ ಮೂತಿ ಕೆಳಗಿನಿಂದ ಮೇಲಕ್ಕೆ ತಿರುಗಬೇಕು.

ನನ್ನ ಅಭಿಪ್ರಾಯ

ನಮ್ಮ ಪಕ್ಕದ ಹೊಲದವರು ನಕ್ಕರು. 'ಎಲೆ ಕುಯ್ದು ನೋಡಿದ್ರೆ ಮಳೆ ಬತ್ತದೇನಣ್ಣ?' ಅಂದರು. ಮಳೆ ಬರುವುದಿಲ್ಲ, ನಿಜ. ಆದರೆ ನನ್ನ ಮೂರು ಸಾವಿರ ಉಳಿಯುತ್ತಿತ್ತು. ಬಿದ್ದಷ್ಟು ಮಳೆಯನ್ನು ಯಾವ ಎಲೆಯ ಕೈಗೆ ಕೊಡಬೇಕು ಅನ್ನುವುದಾದರೂ ತಿಳಿಯುತ್ತದೆ.

ಆ 2023ರಲ್ಲೇ ಬದುವಿನ ಈಚೆಗೆ ನನ್ನ ಒಂದು ಎಕರೆ ರಾಗಿ ಇತ್ತು. ಅದೇ ಮಣ್ಣು, ಅದೇ ಮಳೆ. ಮಧ್ಯಾಹ್ನ ಮುದುರಿ, ಬೆಳಗ್ಗೆ ಬಿಚ್ಚಿ, ಹೇಗೋ ತಡೆದುಕೊಂಡಿತು. ಒಳ್ಳೆ ಬೆಳೆ ಅಂತ ಹೇಳುವುದಿಲ್ಲ. ಮನೆಗೆ ಹಿಟ್ಟು, ದನಕ್ಕೆ ಹುಲ್ಲು ಆಯಿತು. ಕಡ್ಲೇಕಾಯಿಯಲ್ಲಿ ಬಿತ್ತನೆ ಬೀಜದ ದುಡ್ಡೂ ಹುಟ್ಟಲಿಲ್ಲ.

ಹಾಗಂತ ಕಡ್ಲೇಕಾಯಿ ಬಿಡಿ ಅಂತ ನಾನು ಹೇಳುತ್ತಿಲ್ಲ. ಪಾವಗಡ, ಮಧುಗಿರಿ, ಶಿರಾ ಸೀಮೆಗೆ ನಗದು ಕೊಟ್ಟ ಬೆಳೆ ಅದು. ಎಣ್ಣೆ ಕಟ್ಟುವ ಬೆಳೆಗೆ ಖರ್ಚು ಹೆಚ್ಚೇ. ಅದರಲ್ಲೂ ಎಲ್ಲ ತಳಿ ಒಂದೇ ಅಲ್ಲ. ಪಟಂಚೇರಿನ ಇಕ್ರಿಸ್ಯಾಟ್ ಮತ್ತು ಆಸ್ಟ್ರೇಲಿಯಾದ ವಿಜ್ಞಾನಿಗಳು 1990ರ ದಶಕದಲ್ಲಿ ತೋರಿಸಿದ್ದೇನೆಂದರೆ, ಎಲೆ ದಪ್ಪವಾಗಿರುವ ಕಡ್ಲೇಕಾಯಿ ತಳಿಗಳು ಅದೇ ನೀರಿನಲ್ಲಿ ಹೆಚ್ಚು ಪದಾರ್ಥ ಕಟ್ಟುತ್ತವೆ. ನಾವು ಬೀಜ ಕೊಳ್ಳುವಾಗ ಕಾಯಿ ಎಷ್ಟು, ಎಣ್ಣೆ ಎಷ್ಟು ಅಂತ ಕೇಳುತ್ತೇವೆ. 'ಎಲೆ ದಪ್ಪವೋ ತೆಳುವೋ' ಅಂತ ಕೇಳಿದವರಿಲ್ಲ. ಇನ್ನು ಮೇಲೆ ಕೇಳೋಣ.

ನನ್ನ ವಾದ ಇಷ್ಟೇ. ಪೂರ್ತಿ ಹೊಲ ಒಂದೇ ಬಗೆಯ ಎಲೆಗೆ ಒಪ್ಪಿಸಬೇಡಿ. ನಮ್ಮ ಹಿರಿಯರು ರಾಗಿಯೊಳಗೆ ಅವರೆ, ತೊಗರಿ, ಹುಚ್ಚೆಳ್ಳು ಅಕ್ಕಡಿ ಹಾಕುತ್ತಿದ್ದರು. ಅವರಿಗೆ ಸಿಂಬೆ ಗೊತ್ತಿರಲಿಲ್ಲ, ಆದರೆ ಎರಡು ಬಗೆಯ ಎಲೆ ಒಟ್ಟಿಗೆ ಇದ್ದರೆ ಯಾವುದಾದರೂ ಒಂದು ಕೈಹಿಡಿಯುತ್ತದೆ ಅನ್ನುವುದು ಗೊತ್ತಿತ್ತು. ಅದನ್ನು ಹಳೇ ಪದ್ಧತಿ ಅಂತ ಬಿಟ್ಟವರು ಮತ್ತೆ ಯೋಚಿಸಬೇಕು.

ಔಷಧಿ ವಿಷಯಕ್ಕೆ ನಾನು ಮೂರು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಅಂಗಡಿಗೆ ಹೊರಡುವ ಮೊದಲು ಎಲೆಯನ್ನು ಬಿಸಿಲಿಗೆ ಹಿಡಿದು ಕೇಳಿಕೊಳ್ಳುತ್ತೇನೆ.

ಒಂದು, ತೊಂದರೆ ಸಿಪ್ಪೆಯ ಮೇಲಿದೆಯೋ, ಎರಡು ಸಿಪ್ಪೆಯ ನಡುವೆ ಇದೆಯೋ? ನಡುವೆ ಇದ್ದರೆ ಮೇಲೆ ಕೂರುವ ಔಷಧಿ ದಂಡ.

ಎರಡು, ಹಳದಿ ಶುರುವಾದದ್ದು ಹಳೇ ಎಲೆಯಿಂದಲೋ, ಚಿಗುರಿನಿಂದಲೋ? ಸಾರಜನಕ ಕಡಿಮೆಯಾದರೆ ಗಿಡ ಹಳೇ ಎಲೆಯಿಂದ ಕಿತ್ತು ನರದ ಮೂಲಕ ಚಿಗುರಿಗೆ ಸಾಗಿಸುತ್ತದೆ, ಆದ್ದರಿಂದ ಹಳೇ ಎಲೆ ಹಳದಿ. ಕಬ್ಬಿಣದ ಅಂಶ ಹಾಗೆ ಸಾಗುವುದಿಲ್ಲ. ಅದು ಕಡಿಮೆಯಾದರೆ ಚಿಗುರು ಹಳದಿ, ನರ ಮಾತ್ರ ಹಸಿರು. ಸುಣ್ಣದ ಅಂಶ ಇರುವ ಮಣ್ಣಿನಲ್ಲಿ ಕಡ್ಲೇಕಾಯಿಗೆ ಇದು ಬರುತ್ತದೆ. ಅದಕ್ಕೆ ಯೂರಿಯಾ ಸುರಿದು ಫಲವಿಲ್ಲ.

ಮೂರು, ಸಂಜೆಗೆ ಎಲೆ ಬಿಚ್ಚಿಕೊಳ್ಳುತ್ತದೋ ಇಲ್ಲವೋ?

ಇಷ್ಟಕ್ಕೂ ತಿಳಿಯದಿದ್ದರೆ ಎಲೆಯನ್ನೇ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿ ರೈತ ಸಂಪರ್ಕ ಕೇಂದ್ರಕ್ಕೆ ಒಯ್ಯುತ್ತೇನೆ. ಬಾಯಿಮಾತಿನಲ್ಲಿ 'ಚುಕ್ಕೆ' ಅನ್ನುವುದನ್ನು ಬಿಟ್ಟಿದ್ದೇನೆ.

ಕೊನೆಯದಾಗಿ ಒಂದು ಬೇಡಿಕೆ. ತರಬೇತಿಗಳಲ್ಲಿ ನಮಗೆ ಔಷಧಿಯ ಪ್ರಮಾಣ ಹೇಳಿಕೊಡುತ್ತಾರೆ, ಪುಸ್ತಿಕೆ ಕೊಡುತ್ತಾರೆ, ಊಟ ಹಾಕುತ್ತಾರೆ. ಒಳ್ಳೆಯದೇ. ಅದರ ಜೊತೆಗೆ ಒಂದು ಸೂಕ್ಷ್ಮದರ್ಶಕ, ಒಂದು ಬ್ಲೇಡು ಇಡಿ. ನಮ್ಮ ಜಿಲ್ಲೆಯಲ್ಲಿ ಕೊನೇಹಳ್ಳಿ, ಹಿರೇಹಳ್ಳಿ ಎರಡು ಕಡೆ ಕೃಷಿ ವಿಜ್ಞಾನ ಕೇಂದ್ರಗಳಿವೆ. ಹಳ್ಳಿ ಹೈಸ್ಕೂಲುಗಳಲ್ಲೂ ಸೂಕ್ಷ್ಮದರ್ಶಕ ಇರುತ್ತದೆ. ಒಂದು ಭಾನುವಾರ ಬಾಗಿಲು ತೆಗೆಸಿ ಮೇಷ್ಟ್ರನ್ನು ಕೇಳಿಕೊಂಡರೆ ಸಾಕು. ಸಂಘದವರು ದುಡ್ಡು ಹಾಕಿ ಕೊಳ್ಳುವುದಾದರೆ, ಭಾರತದಲ್ಲಿ ಹುಟ್ಟಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿರುವ ಮನು ಪ್ರಕಾಶ್ ಅವರು 2014ರಲ್ಲಿ ಪರಿಚಯಿಸಿದ, ಕಾಗದ ಮಡಚಿ ಮಾಡುವ ಫೋಲ್ಡ್‌ಸ್ಕೋಪ್ ಇದೆ, ಜೇಬಿನಲ್ಲಿಟ್ಟುಕೊಂಡು ಹೊಲಕ್ಕೇ ಒಯ್ಯಬಹುದು. ಎಲೆಯ ಬಾಯಿ ನೋಡುವುದಂತೂ ಇನ್ನೂ ಸುಲಭ. ಎಲೆಯ ತಳಕ್ಕೆ ಬಣ್ಣವಿಲ್ಲದ ಉಗುರು ಪಾಲಿಶ್ ಸವರಿ, ಒಣಗಿದ ಮೇಲೆ ಅಂಟು ಟೇಪಿನಿಂದ ಕಿತ್ತು ಗಾಜಿಗೆ ಅಂಟಿಸಿದರೆ ಬಾಯಿಗಳ ಅಚ್ಚು ಬಂದಿರುತ್ತದೆ. ನಮ್ಮ ಮಗಳು ಮಾಡಿ ತೋರಿಸಿದಳು.

ಚಿಕ್ಕಂದಿನಲ್ಲಿ ಅರಳಿ ಎಲೆಯನ್ನು ನೀರಿನಲ್ಲಿ ಕೊಳೆಹಾಕಿ, ತಿರುಳು ತೊಳೆದು, ನರದ ಬಲೆಯನ್ನು ಪುಸ್ತಕದಲ್ಲಿ ಇಟ್ಟುಕೊಳ್ಳುತ್ತಿದ್ದೆವು. ಕತ್ತಾಳೆ ಎಲೆಯನ್ನು ಕೆರೆಯಲ್ಲಿ ನೆನೆಹಾಕಿ ಬಡಿದು ನಾರು ತೆಗೆದು ಹಗ್ಗ ಹೊಸೆಯುತ್ತಿದ್ದೆವು. ಎಲೆಯ ಒಳಗು ನಮ್ಮ ಕೈಗೆ ಹೊಸದೇನಲ್ಲ, ಬೇಸಾಯದಲ್ಲಿ ಅದನ್ನು ಮರೆತೆವು ಅಷ್ಟೆ. ಈ ಸಲ ಮುಂಗಾರಿನಲ್ಲಿ ನಿಮ್ಮ ಹೊಲದ ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿಯಿರಿ. ಏನು ಕಂಡಿತು ಅಂತ ಪತ್ರಿಕೆಗೆ ಬರೆಯಿರಿ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಅದನ್ನೂ ಬರೆಯಿರಿ, ತಿದ್ದಿಕೊಳ್ಳುತ್ತೇನೆ.